ಒಲೆ ಎಣಿಸಲು ಹೋದ ಕಥೆ

ನನ್ನ ಸಂಶೋಧನೆಯ ಯೋಜನೆ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ, ಅದನ್ನು ಯೋಜನೆಯಾಗಿಯೇ ಬಿಟ್ಟಿದ್ದರೆ ಇವತ್ತಿಗೂ ನನಗೊಬ್ಬ ಒಳ್ಳೆಯ ಸಮಾಜಶಾಸ್ತ್ರಜ್ಞ ಎಂಬ ಹೆಸರು ಉಳಿದಿರುತ್ತಿತ್ತು.

ಇಪ್ಪತ್ತು ವರ್ಷದ ಹಿಂದಿನ ಮಾತು. ಎಂ.ಫಿಲ್. ಪ್ರಬಂಧಕ್ಕೆ ನಾನು ಆರಿಸಿಕೊಂಡ ವಿಷಯ ‘ಕೂಡುಕುಟುಂಬದ ವಿಘಟನೆ: ಮಂಡ್ಯ ಜಿಲ್ಲೆಯ ಒಂದು ಗ್ರಾಮದ ಸಮಾಜಶಾಸ್ತ್ರೀಯ ಅಧ್ಯಯನ’. ಶೀರ್ಷಿಕೆಯ ನಡುವೆ ಎರಡು ಚುಕ್ಕೆ ಇಟ್ಟರೆ ವಿದ್ವತ್ತು ತಾನಾಗಿ ಬರುತ್ತದೆ ಎಂದು ಹಾಸ್ಟೆಲಿನ ಹಿರಿಯರೊಬ್ಬರು ಹೇಳಿದ್ದರು. ಇಟ್ಟೆ. ಆಮೇಲೆ ಒಂದು ಡ್ರಾಯಿಂಗ್ ಶೀಟ್ ತಂದು ಸ್ಕೆಚ್ ಪೆನ್ನಿನಲ್ಲಿ ವೇಳಾಪಟ್ಟಿ ಬರೆದೆ. ನೂರು ಮನೆ, ಒಂದು ಮನೆಗೆ ನಲವತ್ತೈದು ನಿಮಿಷ, ದಿನಕ್ಕೆ ನಾಲ್ಕು ಮನೆ, ಇಪ್ಪತ್ತೈದು ದಿನಕ್ಕೆ ಕೆಲಸ ಮುಗಿಯಿತು. ಉಳಿದ ಐದು ದಿನಕ್ಕೆ ಕೆಂಪು ಬಣ್ಣ ಬಳಿದು ‘ಅನಿರೀಕ್ಷಿತ ಅಡಚಣೆಗಳು’ ಎಂದು ಬರೆದೆ. ಅಡಚಣೆಗಳು ಬಂದರೂ ಸಾಲಾಗಿ, ಕೊನೆಯ ಐದು ದಿನದಲ್ಲಿ ಬರುತ್ತವೆ ಎಂದು ನನ್ನ ನಂಬಿಕೆ.

ನನ್ನ ಮಾರ್ಗದರ್ಶಕರು ಆ ಹಾಳೆಯನ್ನು ಬಹಳ ಹೊತ್ತು ನೋಡಿದರು. ‘ಎಲ್ಲ ಚೆನ್ನಾಗಿದೆ. ಇದರಲ್ಲಿ ಊರಿನವರು ಎಲ್ಲಿದ್ದಾರೆ?’ ಎಂದರು. ನಾನು ಹಸಿರು ಬಣ್ಣದ ಪಟ್ಟಿ ತೋರಿಸಿ ‘ಇವರೇ ಸರ್, ಮಾಹಿತಿದಾರರು’ ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಹೋಗಿ ಬಾ ಎಂದಿರಬೇಕು ಎಂದುಕೊಂಡು ಹೊರಟೆ.

ದುಡ್ಡಿನ ಪ್ರಶ್ನೆ ಇತ್ತು. ನನಗೆ ಫೆಲೋಶಿಪ್ ಇರಲಿಲ್ಲ. ಬಸ್ಸು, ಜೆರಾಕ್ಸು, ಕೋಣೆ ಬಾಡಿಗೆ, ಊಟ ಎಲ್ಲ ಸೇರಿ ಎಂಟು ಸಾವಿರ ಎಂದು ಲೆಕ್ಕ ಹಾಕಿದೆ. ಮೈಸೂರಿನ ನಮ್ಮ ಮನೆಯಲ್ಲಿ ಅಮ್ಮ, ಅಣ್ಣ, ಅತ್ತಿಗೆ, ಅವರ ಮಗಳು, ನಾನು. ದುಡಿಯುವವನು ಅಣ್ಣ ಒಬ್ಬನೇ. ಅವನು ಬ್ಯಾಂಕಿನಿಂದ ಎಂಟು ಸಾವಿರ ತಂದು, ಬಚ್ಚಲುಮನೆಯ ಪಕ್ಕ ನನ್ನನ್ನು ಕರೆದು, ಕೈಗಿಟ್ಟು ‘ಅತ್ತಿಗೆಗೆ ಹೇಳಬೇಡ’ ಎಂದ. ಮಾಹಿತಿದಾರರ ಗೋಪ್ಯತೆ ಕಾಪಾಡುವುದು ಸಂಶೋಧಕನ ಧರ್ಮ. ಹೇಳಲಿಲ್ಲ.

ಕ್ಷೇತ್ರಕ್ಕೆ ಹೋಗುವ ಮೊದಲು ಪ್ರಶ್ನಾವಳಿಯನ್ನು ನಾಲ್ಕು ಜನರ ಮೇಲೆ ಪ್ರಯೋಗಿಸಿ ನೋಡಬೇಕೆಂದು ಪಠ್ಯಪುಸ್ತಕಗಳೆಲ್ಲ ಹೇಳುತ್ತವೆ. ಅದಕ್ಕಾಗಿ ಹಳ್ಳಿಗೊಂದು ಸಲ ಹೋಗಿಬರುವ ಬಸ್ ಚಾರ್ಜು ಉಳಿಸಲು, ಮನೆಯಲ್ಲೇ ಅಮ್ಮನನ್ನೂ ಅತ್ತಿಗೆಯನ್ನೂ ಕೂರಿಸಿಕೊಂಡೆ. ಮೂವತ್ತೆರಡು ಪ್ರಶ್ನೆ. ಅಮ್ಮ ಮೂರನೆಯದಕ್ಕೆ ಎದ್ದು ಹಾಲು ನೋಡಲು ಹೋದವಳು ಬರಲಿಲ್ಲ. ಅತ್ತಿಗೆ ಮಾತ್ರ ಪೂರ್ತಿ ಓದಿದರು. ಹದಿನಾಲ್ಕನೆಯ ಪ್ರಶ್ನೆಗೆ ಬಂದು ನಿಂತರು. ‘ಕುಟುಂಬ ಬೇರೆಯಾಗಲು ಕಾರಣ: ಅ) ಆಸ್ತಿ ಆ) ಅತ್ತೆ-ಸೊಸೆ ಮನಸ್ತಾಪ ಇ) ಉದ್ಯೋಗ ನಿಮಿತ್ತ ಈ) ಇತರೆ, ವಿವರಿಸಿ’.

‘ಇತರೆ ಅನ್ನೋದಕ್ಕೆ ಹೆಬ್ಬೆರಳಿನಷ್ಟು ಜಾಗ ಬಿಟ್ಟಿದ್ದೀಯಲ್ಲೋ, ಸಾಕಾಗುತ್ತಾ?’

‘ಇತರೆ ಅಷ್ಟಾಗಿ ಬರೋಲ್ಲ ಅತ್ತಿಗೆ.’

‘ಅದಿರಲಿ, ಇದಕ್ಕೆಲ್ಲ ದುಡ್ಡು ಯಾರು ಕೊಡ್ತಾರೆ?’

‘ಸಂಶೋಧನೆಗೆ ಅನುದಾನ ಇರುತ್ತೆ ಅತ್ತಿಗೆ’ ಎಂದೆ. ಸುಳ್ಳಲ್ಲ. ಇರುತ್ತದೆ, ಬೇರೆಯವರಿಗೆ.

ಊರು ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿತ್ತು. ಆ ಸೀಮೆಗೆ ನಮ್ಮ ಕಸುಬಿನವರು ಹೊಸಬರಲ್ಲ. ಸ್ಕಾರ್ಲೆಟ್ ಎಪ್‌ಸ್ಟೀನ್ 1954ರಿಂದ 1956ರವರೆಗೆ ಮಂಡ್ಯದ ಹತ್ತಿರದ ಎರಡು ಹಳ್ಳಿಗಳಲ್ಲಿದ್ದು, ನಾಲೆ ನೀರು ಹರಿದ ಊರು ಹೇಗೆ ಬದಲಾಯಿತು, ಹರಿಯದ ಊರು ಹೇಗೆ ಬದಲಾಯಿತು ಎಂದು ಬರೆದರು. ಅದಕ್ಕೂ ಮೊದಲು 1948ರಲ್ಲಿ ಎಂ.ಎನ್. ಶ್ರೀನಿವಾಸ್ ಮೈಸೂರು ಸೀಮೆಯ ಹಳ್ಳಿಯೊಂದಕ್ಕೆ ಹೋಗಿ, ರಾಮಪುರ ಎಂದು ಹೆಸರು ಮರೆಸಿ, ತಿಂಗಳುಗಟ್ಟಲೆ ಕೂತರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಅವರು ವಿಂಗಡಿಸಿ ಸಿದ್ಧಮಾಡಿಕೊಂಡಿದ್ದ ಟಿಪ್ಪಣಿಗಳ ಮೂರೂ ಪ್ರತಿ ಸುಟ್ಟುಹೋದವು. ನೆನಪನ್ನೇ ನಂಬಿ ಬರೆದು, 1976ರಲ್ಲಿ ಪುಸ್ತಕ ತಂದರು. ಅದು ಜಗತ್ತೆಲ್ಲ ಓದುವ ಪುಸ್ತಕವಾಯಿತು. ನನ್ನ ಟಿಪ್ಪಣಿಗಳು ಯಾವ ಬೆಂಕಿಗೂ ಸಿಗದೆ ಅಟ್ಟದ ಮೇಲೆ ಪೂರ್ತಿ ಉಳಿದಿವೆ. ನನ್ನ ದುರದೃಷ್ಟ ಅಲ್ಲಿಂದಲೇ ಶುರು.

ಕ್ಷೇತ್ರಕಾರ್ಯಕ್ಕೆ ನಾನು ಆರಿಸಿದ್ದು ಜನವರಿ. ಬಿಸಿಲಿರುವುದಿಲ್ಲ, ಬೆವರುವುದಿಲ್ಲ ಎಂಬ ಲೆಕ್ಕ. ಆ ತಿಂಗಳು ಸುಗ್ಗಿ ಎಂಬುದು ಸಂಕ್ರಾಂತಿಯ ಎಳ್ಳು-ಬೆಲ್ಲ ತಿನ್ನುವಷ್ಟು ಮಾತ್ರ ಗೊತ್ತಿದ್ದ ಪೇಟೆಯ ಪ್ರಾಣಿ ನಾನು. ಊರಿಗೆ ಇಳಿದರೆ ಊರೇ ಇಲ್ಲ. ಅರ್ಧ ಊರು ಭತ್ತದ ಕಣದಲ್ಲಿ, ಇನ್ನರ್ಧ ಕಬ್ಬು ಕಡಿಯಲು, ಮಿಕ್ಕವರು ಆಲೆಮನೆಯಲ್ಲಿ. ಮೊದಲ ದಿನದ ನಾಲ್ಕು ಮನೆಗಳಲ್ಲಿ ಮೂರಕ್ಕೆ ಬೀಗ. ನಾಲ್ಕನೆಯದಕ್ಕೆ ನಾಯಿ. ನಾನು ಪ್ರಶ್ನಾವಳಿಯ ಮುಖಪುಟದಲ್ಲಿ ‘ಮಾಹಿತಿ ನೀಡಲು ನಿರಾಕರಣೆ: ಒಂದು’ ಎಂದು ಗುರುತು ಹಾಕಿಕೊಂಡೆ.

ನೂರು ಮನೆಯನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಆರಿಸಬೇಕು. ಅದಕ್ಕೆ ಮೊದಲು ಊರಲ್ಲಿ ಒಟ್ಟು ಎಷ್ಟು ಮನೆ ಎಂಬ ಪಟ್ಟಿ ಬೇಕು. ಪಂಚಾಯಿತಿ ಕಟ್ಟೆಯ ಮೇಲೆ ನೀರುಗಂಟಿ ಬೀಡಿ ಸೇದುತ್ತಾ ಕೂತಿದ್ದ. ‘ಊರಲ್ಲಿ ಎಷ್ಟು ಕುಟುಂಬ ಇವೆ?’ ಎಂದು ಕೇಳಿದೆ.

‘ಯಾವ ಲೆಕ್ಕಕ್ಕೆ ಬೇಕು ಸಾ? ಕಂದಾಯದ ಲೆಕ್ಕಕ್ಕಾ, ರೇಷನ್ ಲೆಕ್ಕಕ್ಕಾ, ಮಾರಮ್ಮನ ಹಬ್ಬದ ವಂತಿಗೆ ಲೆಕ್ಕಕ್ಕಾ?’

‘ಎಲ್ಲಾ ಒಂದೇ ಅಲ್ಲವಾ?’

‘ಒಂದೇ ಆದ್ರೆ ಊರು ಹೆಂಗ್ ನಡೀತದೆ ಸಾ?’ ಎಂದು ಬೀಡಿ ಆರಿಸಿ ವಿವರಿಸಿದ. ಕಂದಾಯಕ್ಕೆ ಇನ್ನೂರ ಹನ್ನೆರಡು. ರೇಷನ್ನಿಗೆ ಇನ್ನೂರ ಅರವತ್ತೆಂಟು, ಯಾಕೆಂದರೆ ಅಕ್ಕಿ-ಸೀಮೆಎಣ್ಣೆ ಕಾರ್ಡಿಗೊಂದರಂತೆ ಬರುತ್ತದೆ, ಅಲ್ಲಿ ಎಲ್ಲರೂ ಬೇರೆ. ವಂತಿಗೆಗೆ ನೂರಾ ಐವತ್ತು ದಾಟುವುದಿಲ್ಲ, ಯಾಕೆಂದರೆ ವಂತಿಗೆ ಮನೆಗೊಂದರಂತೆ ಕೊಡಬೇಕು, ಅಲ್ಲಿ ಎಲ್ಲರೂ ಒಟ್ಟು. ಕೂಡುಕುಟುಂಬದ ವಿಘಟನೆ ಕುರಿತು ಅಷ್ಟು ಚೊಕ್ಕವಾದ ವಿಶ್ಲೇಷಣೆಯನ್ನು ನಾನು ಅಲ್ಲಿಯವರೆಗೆ ಓದಿರಲಿಲ್ಲ. ಆದರೆ ನೀರುಗಂಟಿಯ ಮಾತನ್ನು ಅಡಿಟಿಪ್ಪಣಿಯಲ್ಲಿ ಹಾಕಲು ಬರುವುದಿಲ್ಲ ಎಂದು ಬಿಟ್ಟುಬಿಟ್ಟೆ.

ನನ್ನ ಹತ್ತಿರ ಪುಸ್ತಕದ ವ್ಯಾಖ್ಯಾನಗಳಿದ್ದವು. ಒಂದೇ ಅಡುಗೆಮನೆಯಲ್ಲಿ ಉಣ್ಣುವವರು ಒಂದು ಕುಟುಂಬ ಎನ್ನುತ್ತದೆ ನಮ್ಮ ಜನಗಣತಿ. ಇರಾವತಿ ಕರ್ವೆ 1953ರಲ್ಲೇ ಕೂಡುಕುಟುಂಬವೆಂದರೆ ಒಂದು ಸೂರು, ಒಂದು ಒಲೆ, ಒಟ್ಟು ಆಸ್ತಿ, ಒಟ್ಟು ಪೂಜೆ ಎಂದು ಲಕ್ಷಣ ಕೊಟ್ಟಿದ್ದರು. ಅಷ್ಟೆಲ್ಲ ಯಾಕೆ, ಒಲೆ ಎಣಿಸಿದರೆ ಮುಗಿಯಿತು ಎಂದುಕೊಂಡೆ. ಒಲೆ ಓಡಿಹೋಗುವುದಿಲ್ಲ, ಸುಳ್ಳು ಹೇಳುವುದಿಲ್ಲ.

ಒಲೆ ಹೇಳುವುದಿಲ್ಲ, ಸರಿ. ಮೊದಲ ವಾರ ಇಪ್ಪತ್ತನಾಲ್ಕು ಮನೆ ಮುಗಿಸಿದೆ. ಕೂಡುಕುಟುಂಬ ಒಂದೂ ಇಲ್ಲ. ಅಣ್ಣತಮ್ಮಂದಿರು ಎಲ್ಲರೂ ಬೇರೆ, ಅಪ್ಪ-ಅಮ್ಮ ಬೇರೆ, ಒಂದು ಮನೆಯಲ್ಲಂತೂ ಗಂಡ-ಹೆಂಡತಿಯೂ ಬೇರೆ ಬೇರೆ ಎಂದು ಗಂಡ ಹೇಳುವಾಗ ಹೆಂಡತಿ ಅವನಿಗೇ ತಟ್ಟೆ ಇಡುತ್ತಿದ್ದಳು. ನಾನು ಪುಳಕಗೊಂಡೆ. ನನ್ನ ಊಹೆ ನೂರಕ್ಕೆ ನೂರು ಸಾಬೀತಾಗಿತ್ತು. ಆ ರಾತ್ರಿಯೇ ಮೂರನೇ ಅಧ್ಯಾಯಕ್ಕೆ ‘ಕುಸಿತ’ ಎಂದು ಹೆಸರಿಟ್ಟೆ. ಮಾರನೇ ದಿನ ಚಹದಂಗಡಿಯಲ್ಲಿ ಕಾರಣ ತಿಳಿಯಿತು. ನಾನು ರೇಷನ್ ಕಾರ್ಡ್ ರದ್ದು ಮಾಡಲು ತಾಲ್ಲೂಕು ಕಚೇರಿಯಿಂದ ವೇಷ ಮರೆಸಿಕೊಂಡು ಬಂದವನು ಎಂದು ಊರೆಲ್ಲ ಗೊತ್ತಾಗಿತ್ತಂತೆ.

ಅಂಗಡಿಯಲ್ಲಿದ್ದವರಿಗೆಲ್ಲ ನನ್ನ ಗುರುತಿನ ಚೀಟಿ ತೋರಿಸಿದೆ. ‘ನಾನು ಓದುವ ಹುಡುಗ. ಮನೆತನ, ಸಂಬಂಧ, ಯಾರು ಯಾರ ಜೊತೆ ಇದ್ದಾರೆ, ಇಷ್ಟೇ ನನಗೆ ಬೇಕು’ ಎಂದೆ. ವಯಸ್ಸೆಷ್ಟು ಎಂದರು. ಇಪ್ಪತ್ತಾರು ಎಂದೆ. ಮದುವೆ? ಇಲ್ಲ ಎಂದೆ. ಯಾವ ಜನ? ಅದನ್ನೂ ಹೇಳಿದೆ. ಪ್ರಾಮಾಣಿಕತೆಗೆ ಒಂದು ಮಿತಿ ಇರಬೇಕು ಎಂಬುದು ಎರಡನೇ ವಾರ ಗೊತ್ತಾಯಿತು. ಹುಡುಗನೇ ಖುದ್ದಾಗಿ ಹೆಣ್ಣಿನ ಮನೆತನ ವಿಚಾರಿಸಲು ಬಂದಿದ್ದಾನೆ, ತನಗಲ್ಲದಿದ್ದರೂ ಯಾರಿಗೋ ಸಂಬಂಧ ಹುಡುಕುತ್ತಿದ್ದಾನೆ ಎಂದು ಹಬ್ಬಿತು. ಎರಡನೇ ವಾರ ಹತ್ತೊಂಬತ್ತು ಮನೆ ಮಾಡಿದೆ. ಹದಿನೇಳು ಕೂಡುಕುಟುಂಬ! ‘ಇಪ್ಪತ್ತೆರಡು ಜನ ಸಾ, ಒಂದೇ ಒಲೆ, ಇವತ್ತಿಗೂ ಒಂದು ಎತ್ತಿದ ದನಿ ಇಲ್ಲ’ ಎಂದು ಯಜಮಾನರು ಹೇಳುವಾಗ ಒಳಗಿನಿಂದ ಪಾತ್ರೆ ಎಸೆದ ಸದ್ದು. ಕಾಫಿ, ಚಕ್ಕುಲಿ, ಒಂದು ಮನೆಯಲ್ಲಿ ಎಳನೀರು. ಒಂದೇ ವಾರದಲ್ಲಿ ಇಡೀ ಊರು ಮತ್ತೆ ಒಟ್ಟುಗೂಡಿದ ಈ ಅದ್ಭುತವನ್ನು ಯಾವ ಸಿದ್ಧಾಂತದಲ್ಲಿ ಕೂರಿಸಲಿ? ‘ಕುಸಿತ’ ಹೊಡೆದುಹಾಕಿ ‘ಕುಸಿತವೇ?’ ಎಂದು ಬರೆದೆ.

ಒಪ್ಪಿಗೆಯನ್ನು ಐದು ಮೆಟ್ಟಿಲಲ್ಲಿ ಅಳೆಯುವ ಪ್ರಶ್ನೆಗಳೂ ಇದ್ದವು. 1932ರಲ್ಲಿ ರೆನ್ಸಿಸ್ ಲೈಕರ್ಟ್ ಎಂಬ ಅಮೆರಿಕನ್ ಮನಶ್ಶಾಸ್ತ್ರಜ್ಞ ತಂದಿಟ್ಟ ಮೆಟ್ಟಿಲು ಅವು. ಕಣದ ಬದುವಿನ ಮೇಲೆ ಕೂತು ಒಬ್ಬ ರೈತರಿಗೆ ಓದಿದೆ: ‘ಕೂಡುಕುಟುಂಬವು ವ್ಯಕ್ತಿಸ್ವಾತಂತ್ರ್ಯಕ್ಕೆ ಧಕ್ಕೆ ತರುತ್ತದೆ. ಸಂಪೂರ್ಣ ಒಪ್ಪುತ್ತೇನೆ, ಒಪ್ಪುತ್ತೇನೆ, ತಟಸ್ಥ, ಒಪ್ಪುವುದಿಲ್ಲ, ಸಂಪೂರ್ಣ ಒಪ್ಪುವುದಿಲ್ಲ.’

‘ನೀವೇನಂತೀರಿ ಸಾ?’

‘ನಾನು ಹೇಳುವಂತಿಲ್ಲ.’

‘ಓದ್ದೋರು ನೀವೇ ಹೇಳಾಕಾಗ್ದೆ ಇರಾದ ನಾನೇನ್ ಹೇಳ್ಲಿ? ಒಪ್ತೀನಿ ಅಂತ ಬರ್ಕಳಿ.’

‘ಸುಮ್ಮನೆ ಒಪ್ಪುತ್ತೀರೋ, ಸಂಪೂರ್ಣ ಒಪ್ಪುತ್ತೀರೋ?’

ಅವರು ನೆತ್ತಿಯ ಮೇಲಿನ ಸೂರ್ಯನನ್ನು ನೋಡಿದರು. ‘ಊಟದ್ ಹೊತ್ತಾಯ್ತು. ಸಂಪೂರ್ಣನೇ ಹಾಕ್ಕಳಿ.’

ನಾನು ಮಾಡಿದ ಇನ್ನೊಂದು ಘನಕಾರ್ಯ ಕೋಣೆಯದು. ಅಗ್ಗವಾಗಿ ಸಿಕ್ಕಿತೆಂದು, ಹಿಂದಿನ ಪಂಚಾಯಿತಿ ಚುನಾವಣೆಯಲ್ಲಿ ಸೋತವರ ಮನೆಯ ಕೋಣೆ ಹಿಡಿದಿದ್ದೆ. ಗೆದ್ದವರ ಬೀದಿಯಲ್ಲಿ ನನಗೆ ನೀರು ಕೂಡ ಹುಟ್ಟಲಿಲ್ಲ. ಊರಿಗೆ ಕಾಲಿಡುವ ಮೊದಲು ಯಾರ ಜಗಲಿಯ ಮೇಲೆ ಮೊದಲು ಕೂರಬೇಕು ಎಂಬುದನ್ನು ತಿಳಿದಿರಬೇಕು. ಪಕ್ಷ-ಪಂಗಡಗಳ ಬಗ್ಗೆ, ಪ್ರಬಲ ಜಾತಿಯ ಬಗ್ಗೆ ಶ್ರೀನಿವಾಸರು ಬರೆದದ್ದನ್ನೆಲ್ಲ ಪರೀಕ್ಷೆಗೆ ಬಾಯಿಪಾಠ ಮಾಡಿ ಎಪ್ಪತ್ತೆರಡು ಅಂಕ ತೆಗೆದವನು ನಾನು. ಬಾಡಿಗೆ ಮಾತಾಡುವಾಗ ಮಾತ್ರ ಅದೊಂದೂ ನೆನಪಿಗೆ ಬರಲಿಲ್ಲ.

ನನಗೊಬ್ಬನಿಗೇ ಹೀಗೆ ಎಂದು ಕೊರಗುವಾಗ ವಿಲಿಯಂ ಫೂಟ್ ವೈಟ್ ನೆನಪಾಗಿ ಸಮಾಧಾನವಾಗುತ್ತಿತ್ತು. ಬಾಸ್ಟನ್ನಿನ ಇಟಾಲಿಯನ್ ಕೇರಿಯ ಮೇಲೆ 1943ರಲ್ಲಿ ಪುಸ್ತಕ ತಂದ ಮಹಾಶಯ. ಕೇರಿಯವರ ಪರಿಚಯಕ್ಕೆಂದು ಮೊದಮೊದಲು ಒಂದು ಹೋಟೆಲಿಗೆ ಹೋಗಿ, ಇಬ್ಬರು ಹೆಂಗಸರ ಜೊತೆ ಕೂತಿದ್ದ ಒಬ್ಬನ ಬಳಿ ‘ನಾನೂ ಕೂರಬಹುದೇ’ ಎಂದು ಕೇಳಿ, ಮೆಟ್ಟಿಲ ಮೇಲಿಂದ ಉರುಳಿಸುತ್ತೇನೆ ಎನ್ನಿಸಿಕೊಂಡು ಬಂದವರು. ಆಮೇಲೆ ಅವರಿಗೆ ಸಿಕ್ಕ ಆಪ್ತ ಡಾಕ್, ಯಾರು-ಏನು-ಯಾಕೆ ಎಂದು ಕೇಳುವುದನ್ನು ಬಿಟ್ಟು ಸುಮ್ಮನೆ ಜೊತೆಗಿದ್ದರೆ ಉತ್ತರ ತಾನಾಗಿ ಬರುತ್ತದೆ ಎಂದು ಬುದ್ಧಿ ಹೇಳಿದನಂತೆ. ಇದನ್ನೂ ನಾನು ಓದಿದ್ದೆ. ಇದಕ್ಕೂ ಅಂಕ ಬಂದಿತ್ತು.

ನನ್ನ ಡಾಕ್ ಒಬ್ಬ ಅಜ್ಜಿ. ಮೂರನೇ ವಾರ ಹೆಬ್ಬಾಗಿಲ ಪಕ್ಕದ ಜಗಲಿಯ ಮೇಲೆ ಕೂತು, ನೆನೆಸಿದ ಅವರೆಕಾಳು ಹಿತುಕುತ್ತಿತ್ತು. ನಾನು ಫಾರಂ ತೆಗೆದೆ.

‘ಅಲ್ಲಾ ಮಗ, ದಿನಾ ಮನೆಮನೆಗೆ ಬಂದು ಬೇರೆ ಇದೀರಾ, ಬೇರೆ ಇದೀರಾ ಅಂತ ಕೇಳ್ತೀಯಂತಲ್ಲ. ಬೇರೆ ಮಾಡಕ್ಕೆ ಬಂದಿದ್ದೀಯಾ?’

‘ಇಲ್ಲ ಅಜ್ಜಿ, ಬೇರೆ ಆಗಿದ್ದಾರಾ ಅಂತ ನೋಡೋಕೆ.’

‘ನೋಡಿದ್ರೆ ಆಯ್ತದೆ. ಕೇಳ್ತಿದ್ರೂ ಆಯ್ತದೆ. ಆ ಕಾಗ್ದ ಒಳಗಿಕ್ಕು, ಬಾ ಇತ್ಲಾಗೆ’ ಎಂದು ಒಂದು ಬೋಗುಣಿ ಕಾಳು ನನ್ನ ಮುಂದೆ ನೂಕಿತು.

ಅವರೆಕಾಳು ಹಿತುಕುವುದು ನೋಡಿದಷ್ಟು ಸುಲಭವಲ್ಲ. ಕಾಳಿನ ಮೂತಿ ಹುಡುಕಿ, ಹೆಬ್ಬೆರಳು-ತೋರುಬೆರಳಿನಲ್ಲಿ ಹಿಡಿದು ಅಮುಕಿದರೆ ಬೇಳೆ ಪಿಚಕ್ಕನೆ ಪಾತ್ರೆಗೆ ಬೀಳಬೇಕು. ನನ್ನದು ಒಂದು ಅಜ್ಜಿಯ ಸೆರಗಿಗೆ, ಒಂದು ನನ್ನ ಕನ್ನಡಕಕ್ಕೆ, ಇನ್ನೊಂದು ಎದುರು ಮನೆಯ ಹೇಂಟೆಗೆ ಬಿತ್ತು. ಆ ಹೇಂಟೆ ಆಮೇಲೆ ನನ್ನ ಮುಂದೆಯೇ ಠಿಕಾಣಿ ಹೂಡಿತು. ಕೈಗೆ ಸೊಗಡಿನ ಜಿಡ್ಡು ಮೆತ್ತಿ ಪೆನ್ನು ಹಿಡಿಯುವ ಹಾಗೇ ಇರಲಿಲ್ಲ. ಪೆನ್ನು ಕೆಳಗಿಟ್ಟ ಆ ಎರಡು ಗಂಟೆಯಲ್ಲಿ ನಾನು ಕೇಳಿದ್ದು, ಅಲ್ಲಿಯವರೆಗಿನ ನಲವತ್ತಮೂರು ಫಾರಂಗಳಲ್ಲಿ ಸಿಗದೇ ಇದ್ದದ್ದು. ಯಾರ ಮನೆ ಯಾವ ಬಾವಿಯ ಪಾಲಿಗೆ ಒಡೆಯಿತು, ಯಾರು ಒಡೆದೂ ಗೊಬ್ಬರದ ಗುಂಡಿ ಒಟ್ಟಿಗೇ ಇಟ್ಟುಕೊಂಡಿದ್ದಾರೆ, ಯಾರು ಒಂದೇ ಸೂರಿನಡಿ ಇದ್ದೂ ಆರು ವರ್ಷದಿಂದ ಮಾತಾಡಿಲ್ಲ.

ಅಜ್ಜಿಯ ಮನೆಯೂ ಒಡೆದದ್ದೇ. ಹಜಾರದ ನಡುವೆ ಎದೆಮಟ್ಟದ ಮೋಟುಗೋಡೆ. ಆಚೆ ದೊಡ್ಡ ಮಗ, ಈಚೆ ಚಿಕ್ಕ ಮಗ, ಎರಡು ಒಲೆ, ಎರಡು ಕಾರ್ಡು. ಕಣ್ಣಾರೆ ಕಂಡ ಪುರಾವೆ! ಬರೆದುಕೊಳ್ಳೋಣ ಎಂದು ಕೈ ಒರೆಸಿಕೊಳ್ಳುವಷ್ಟರಲ್ಲಿ, ದೊಡ್ಡ ಸೊಸೆ ಹಿತಕಿದವರೆ ಸಾರಿನ ಬೋಸಿಯನ್ನು ಗೋಡೆಯ ಮೇಲಿಟ್ಟು, ಏನೂ ಮಾತಾಡದೆ ಒಳಗೆ ಹೋದಳು. ಚಿಕ್ಕ ಸೊಸೆ, ಅವಳೂ ಮಾತಾಡದೆ, ಬೋಸಿ ಇಳಿಸಿಕೊಂಡು ಅದೇ ಜಾಗದಲ್ಲಿ ಎರಡು ಮುದ್ದೆಯ ತಟ್ಟೆ ಇಟ್ಟಳು. ಏಳೆಂಟು ವರ್ಷದ ಹುಡುಗನೊಬ್ಬ ಗೋಡೆ ಹಾರಿ ಈಚೆ ಬಂದ.

‘ನೀನು ಯಾವ ಮನೆಯವನಪ್ಪ?’ ಎಂದು ಕೇಳಿದೆ.

‘ಇವತ್ತಾ?’ ಎಂದ.

‘ನೀವು ಯಾವ ಕಡೆ ಅಜ್ಜಿ?’

‘ಊಟ ಆ ಕಡೆ, ಎಲೆಅಡಿಕೆ ಈ ಕಡೆ. ಜಗಳ ಎಲ್ಡೂ ಕಡೆ.’

ಎ.ಎಂ. ಷಾ ಎಂಬ ವಿದ್ವಾಂಸರು, ಶ್ರೀನಿವಾಸರ ಶಿಷ್ಯರು, 1973ರಲ್ಲೇ ಒಂದು ಪುಸ್ತಕ ಬರೆದು, ಒಟ್ಟಿಗೆ ವಾಸವಾಗಿರುವ ಮನೆವಾರ್ತೆ ಬೇರೆ, ಕುಟುಂಬ ಬೇರೆ, ಎರಡನ್ನೂ ಕಲಸಬೇಡಿ ಎಂದಿದ್ದರು. ಗ್ರಂಥಾಲಯದಲ್ಲಿ ಆ ಪುಸ್ತಕ ನನ್ನ ಹೆಸರಿನಲ್ಲೇ ಇತ್ತು. ದಪ್ಪಗಿದೆ ಎಂದು ಊರಿಗೆ ಒಯ್ದಿರಲಿಲ್ಲ. ನಾನು ಹೋಗಿದ್ದು ಒಲೆ ಎಣಿಸಲು. ಗೋಡೆ ದಾಟುವ ಸಾರಿಗೆ ನನ್ನ ಫಾರಮ್ಮಿನಲ್ಲಿ ಕಾಲಂ ಇರಲಿಲ್ಲ. ಕೊನೆಗೆ ಆ ಹುಡುಗನನ್ನು ಎರಡೂ ಮನೆಯಲ್ಲಿ ಎಣಿಸಿ, ಅಜ್ಜಿಯನ್ನು ಅರ್ಧರ್ಧ ಮಾಡಿ ಲೆಕ್ಕ ಸರಿದೂಗಿಸಿದೆ.

ಮೂವತ್ತು ದಿನದ ಕೆಲಸ ನಲವತ್ತೊಂದು ದಿನ ಹಿಡಿಯಿತು. ಮಧ್ಯೆ ಒಂದು ಸಾವು, ಮೂರು ದಿನ ಊರು ಬಂದ್. ಆಮೇಲೆ ಹಬ್ಬ. ಹಬ್ಬದ ಬಾಡೂಟ ನನ್ನ ಹೊಟ್ಟೆಗೆ ಆಗದೆ ಎರಡು ದಿನ. ಎಂಟು ಸಾವಿರದಲ್ಲಿ ನನ್ನ ಕೈಲಿ ಉಳಿದದ್ದು ಮೈಸೂರಿಗೆ ಬಸ್ ಚಾರ್ಜು, ಎಂಬತ್ತನಾಲ್ಕು ತುಂಬಿದ ಫಾರಂ, ಹದಿನಾರು ಖಾಲಿ ಫಾರಂ.

ಮನೆ ಸೇರುವಾಗ ರಾತ್ರಿ ಎಂಟು. ಚಪ್ಪಲಿ ಬಿಡುವಾಗ ಒಗ್ಗರಣೆಯ ವಾಸನೆ ಬಂತು, ಆದರೆ ಅಡುಗೆಮನೆಯಿಂದಲ್ಲ, ಮಹಡಿಯಿಂದ. ಒಳಗೆ ಅಮ್ಮ ಒಬ್ಬಳೇ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ಅದೂ ಒಂದು ಹಿಡಿಯಷ್ಟು.

‘ಅಣ್ಣ ಎಲ್ಲಿ?’

‘ಮೇಲೆ ಒಲೆ ಇಟ್ಟುಕೊಂಡ. ಹದಿನೈದು ದಿನ ಆಯ್ತು. ಮುಖ ತೊಳ್ಕೋ ಹೋಗು.’

‘ಯಾಕಮ್ಮ?’

‘ಅವಳಿಗೆ ಪಾಸ್‌ಬುಕ್ ಸಿಕ್ತು’ ಎಂದು ನಾರು ಕಿತ್ತಳು.

ನಾನು ಗೋಡೆಗೆ ಒರಗಿ, ಎಂಬತ್ತನಾಲ್ಕು ಕುಟುಂಬಗಳ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಸ್ವಲ್ಪ ಹೊತ್ತಿಗೆ ಮಹಡಿಯ ಮೆಟ್ಟಿಲಲ್ಲಿ ಬಳೆಯ ಸದ್ದಾಯಿತು. ಅತ್ತಿಗೆ ಒಂದು ಬಟ್ಟಲಲ್ಲಿ ಹುಳಿ ತಂದು ಅಮ್ಮನ ಪಕ್ಕ ಇಟ್ಟರು. ಅಮ್ಮ ಅದನ್ನು ಬಗ್ಗಿಸಿಕೊಂಡು, ಬಟ್ಟಲು ತೊಳೆದು, ಬರಿದು ಕೊಡಬಾರದೆಂದು ಒಂದು ಅಚ್ಚು ಬೆಲ್ಲ ಹಾಕಿ ವಾಪಸು ಇಟ್ಟಳು. ಇಬ್ಬರೂ ಮಾತಾಡಲಿಲ್ಲ. ಅತ್ತಿಗೆ ಬಟ್ಟಲು ತೆಗೆದುಕೊಂಡು ಹೊರಟವರು ನನ್ನ ಗಂಟು ನೋಡಿ ನಿಂತರು.

‘ಖಾಲಿ ಫಾರಂ ಉಳಿದಿದ್ಯೇನೋ?’

‘ಹದಿನಾರು ಇದೆ ಅತ್ತಿಗೆ.’

‘ಒಂದು ತೆಗಿ. ಪೆನ್ನು ತಗೋ’ ಎಂದು ಮಣೆ ಎಳೆದುಕೊಂಡು ಕೂತರು. ‘ಮೊದಲಿನದೆಲ್ಲ ನಿನಗೇ ಗೊತ್ತಿದೆ, ಆಮೇಲೆ ತುಂಬಿಕೋ. ಒಲೆ ಎರಡು. ಹದಿನಾಲ್ಕಕ್ಕೆ ಬಾ.’

ನಾನು ಗಂಟಲು ಸರಿಮಾಡಿಕೊಂಡು ಓದಿದೆ. ‘ಕುಟುಂಬ ಬೇರೆಯಾಗಲು ಕಾರಣ. ಅ, ಆಸ್ತಿ?’

‘ಎಲ್ಲಿದೆ? ಅಲ್ಲ.’

‘ಆ, ಅತ್ತೆ-ಸೊಸೆ ಮನಸ್ತಾಪ?’

‘ಅಲ್ಲ’ ಎಂದಳು ಅಮ್ಮ, ಹುರುಳಿಕಾಯಿಯಿಂದ ತಲೆ ಎತ್ತದೆ.

‘ಇ, ಉದ್ಯೋಗ ನಿಮಿತ್ತ?’

‘ಯಾರಿಗೆ ಉದ್ಯೋಗ?’ ಎಂದು ಅತ್ತಿಗೆ ನನ್ನನ್ನೇ ನೋಡಿದರು.

‘ಈ, ಇತರೆ. ವಿವರಿಸಿ.’

‘ಹ್ಞಾಂ, ಅದೇ.’

ನಾನು ಆ ಹೆಬ್ಬೆರಳಿನಷ್ಟು ಜಾಗದ ಮೇಲೆ ಪೆನ್ನಿಟ್ಟು, ‘ಜಾಗ ಸಾಲಲ್ಲ ಅತ್ತಿಗೆ, ಹಿಂದೆ ಬರ್ಕೊಳ್ಳಲಾ?’ ಎಂದೆ.

‘ಸಾಲುತ್ತೆ. ಒಂದೇ ಪದ. ಸಮಾಜಶಾಸ್ತ್ರ ಅಂತ ಬರ್ಕೋ.’